ಕಂಡಕ್ಟರ್ ನಿಲ್ಲುವ ಹಾಗೆ ನಿಲ್ಲಿ

ನಮ್ಮ ಲೇಔಟಿನ ಪಾರ್ಕ್ ಪಕ್ಕದ ಖಾಲಿ ರಸ್ತೆಗೆ ಭಾನುವಾರ ಬೆಳಿಗ್ಗೆ ನಾಲ್ಕಾರು ಮಂದಿ ಸ್ಕೇಟ್‌ಬೋರ್ಡ್ ಕಲಿಯಲು ಬರುತ್ತಾರೆ. ಎಲ್ಲರೂ ಮೂವತ್ತು ದಾಟಿದವರು. ಕಳೆದ ವಾರ ಒಬ್ಬರು ಹೊಸ ಬೋರ್ಡ್, ಹೊಸ ಹೆಲ್ಮೆಟ್, ಹೊಸ ಮೊಣಕಾಲು ಪ್ಯಾಡ್ ಸಮೇತ ಬಂದು, ಹತ್ತಿದ ಎರಡನೇ ಸೆಕೆಂಡಿಗೆ ಅಂಗಾತ ಬಿದ್ದರು. ಬೋರ್ಡ್ ಅವರನ್ನು ಬಿಟ್ಟು ಎಳನೀರು ಗಾಡಿಯ ತನಕ ಓಡಿತು. ಮೂರು ವರ್ಷದ ಹಿಂದೆ, ನಲವತ್ತೊಂದರ ವಯಸ್ಸಿನಲ್ಲಿ ನಾನು ಬಿದ್ದದ್ದೂ ಹೀಗೆಯೇ. ಆರು ವಾರ ಎಡಗೈಗೆ ಪ್ಲಾಸ್ಟರ್. ಇಬ್ಬರದೂ ಒಂದೇ ತಪ್ಪು, ಅದಕ್ಕೇ ಈ ಬರಹ.

ಹಿನ್ನೆಲೆ ಎರಡೇ ಮಾತಿನಲ್ಲಿ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸರ್ಫಿಂಗ್ ಹುಡುಗರು ಅಲೆ ಇಲ್ಲದ ದಿನ ಹಲಗೆಗೆ ಚಕ್ರ ಹಾಕಿಕೊಂಡು ಬೀದಿಗಿಳಿದರು. 70ರ ದಶಕದಲ್ಲಿ ಯೂರೆಥೇನ್ ಚಕ್ರ ಬಂದ ಮೇಲೆ ನೆಲದ ಮೇಲೆ ಹಿಡಿತ ಸಿಕ್ಕಿತು. ಟೋಕಿಯೊದಲ್ಲಿ ಆಟ ಒಲಿಂಪಿಕ್ಸ್ ಸೇರಿದಾಗ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ 13 ವರ್ಷ. 2024ರಲ್ಲಿ ಪ್ಯಾರಿಸ್‌ನಲ್ಲಿ ಬ್ರಿಟನ್ ಪರ ಇಳಿದ ಆಂಡಿ ಮೆಕ್‌ಡೊನಾಲ್ಡ್‌ಗೆ 51. ಆದರೆ ಅವರು ಹುಡುಗನಾಗಿದ್ದಾಗಿನಿಂದ ಬೋರ್ಡ್ ಮೇಲಿದ್ದವರು. ಅವರ ಫೋಟೊ ತೋರಿಸಿ ಮನೆಯವರನ್ನು ಒಪ್ಪಿಸಬಹುದು, ನಮ್ಮ ಮೂಳೆಯನ್ನಲ್ಲ.

ಮೊದಲು ಬೋರ್ಡ್. ಆಟಿಕೆ ಅಂಗಡಿಯ ಕಾರ್ಟೂನ್ ಚಿತ್ರದ ಬೋರ್ಡ್ ಬೇಡ. ಅದರ ಚಕ್ರ ಗಟ್ಟಿ ಪ್ಲಾಸ್ಟಿಕ್. ದೊಡ್ಡವರ ಭಾರಕ್ಕೆ ತಿರುಗುವುದೂ ಇಲ್ಲ, ಬಾಗುವುದೂ ಇಲ್ಲ. ಏಳು ಪದರದ ಮೇಪಲ್ ಹಲಗೆ, ಅಗಲ 8ರಿಂದ 8.25 ಇಂಚು, ಚಕ್ರ ಹಿಡಿದಿಡುವ ಟ್ರಕ್ ಲೋಹದ್ದು. ಇಷ್ಟು ಕೇಳಿ ತೆಗೆದುಕೊಳ್ಳಿ. ಸ್ಕೇಟ್‌ಪಾರ್ಕಿನ ನುಣುಪು ಕಾಂಕ್ರೀಟಿಗೆ 99ಎ ಗಡಸುತನದ ಚಕ್ರ ಸರಿ. ನಮ್ಮ ಡಾಂಬರು ರಸ್ತೆಗೆ 78ಎ ಸುತ್ತಮುತ್ತಲಿನ ಮೆತ್ತನೆ ಚಕ್ರವೇ ಬೇಕು, ಇಲ್ಲದಿದ್ದರೆ ಹಲ್ಲು ಕಟಕಟ ಎನ್ನುತ್ತದೆ. ಕಾಲಿಗೆ ಚಪ್ಪಟೆ ಅಡಿಯ ಶೂ ಹಾಕಿ. ದಪ್ಪ ಮೆತ್ತೆಯ ಓಟದ ಶೂ ಹಾಕಿದರೆ ಬೋರ್ಡ್ ಎತ್ತ ವಾಲುತ್ತಿದೆ ಎಂದೇ ಪಾದಕ್ಕೆ ಗೊತ್ತಾಗದು.

ಹೆಲ್ಮೆಟ್ ಎಲ್ಲರೂ ಕೊಳ್ಳುತ್ತಾರೆ, ಮಣಿಕಟ್ಟಿನ ಗಾರ್ಡ್ ಮರೆಯುತ್ತಾರೆ. ದೊಡ್ಡವರು ಬೀಳುವಾಗ ಮೊದಲು ನೆಲಕ್ಕೆ ಊರುವುದು ಅಂಗೈ. ಹೆಬ್ಬೆರಳ ಬುಡದಲ್ಲಿ ಸ್ಕೇಫಾಯ್ಡ್ ಎಂಬ ಗೋಡಂಬಿ ಆಕಾರದ ಪುಟ್ಟ ಮೂಳೆಯಿದೆ. ರಕ್ತ ಪೂರೈಕೆ ಕಡಿಮೆಯಾದ್ದರಿಂದ ಮುರಿದರೆ ನಿಧಾನಕ್ಕೆ ಕೂಡುತ್ತದೆ, ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಬಿದ್ದು ಎರಡು ದಿನವಾದರೂ ಅಲ್ಲಿ ಒತ್ತಿದರೆ ನೋವಿದ್ದರೆ ಮುಲಾಮು ತಿಕ್ಕುತ್ತ ಕೂರದೆ ಮೂಳೆ ಡಾಕ್ಟರ ಹತ್ತಿರ ಹೋಗಿ.

ಯಾವ ಕಾಲು ಮುಂದೆ? ಸಾಕ್ಸ್ ಹಾಕಿ, ಮನೆಯ ನುಣುಪು ನೆಲದಲ್ಲಿ ಎರಡು ಹೆಜ್ಜೆ ಓಡಿ ಜಾರಿ ನೋಡಿ. ತಾನಾಗಿ ಮುಂದೆ ಬಂದ ಕಾಲೇ ನಿಮ್ಮ ಮುಂಗಾಲು. ಎಡಗಾಲಾದರೆ ರೆಗ್ಯುಲರ್, ಬಲಗಾಲಾದರೆ ಗೂಫಿ. ಗೂಫಿ ಎಂದರೆ ದಡ್ಡತನವಲ್ಲ, ಎಡಗೈಯಲ್ಲಿ ಬರೆದಂತೆ ಅಷ್ಟೆ.

ಇನ್ನು ಆ ತಪ್ಪಿಗೆ ಬರೋಣ. ಹೆದರಿಕೆಯಾದಾಗ ಮನುಷ್ಯ ಹಿಂದಕ್ಕೆ ವಾಲುತ್ತಾನೆ. ನೆಲದ ಮೇಲೆ ಅದು ಕ್ಷೇಮ. ಚಕ್ರದ ಮೇಲೆ ಹಾಗಲ್ಲ: ಮೈ ಹಿಂದೆ ಹೋದಂತೆ ಪಾದ ಬೋರ್ಡನ್ನು ಮುಂದಕ್ಕೆ ತಳ್ಳುತ್ತದೆ. ಅದು ಓಡಿದಷ್ಟೂ ನೀವು ಇನ್ನಷ್ಟು ಹೆದರಿ ಇನ್ನಷ್ಟು ವಾಲುತ್ತೀರಿ, ಕೊನೆಗೆ ಅಂಗಾತ. ಮಕ್ಕಳು ಹೀಗೆ ಬೀಳುವುದು ಕಡಿಮೆ, ಅವರಿಗೆ ಹೆದರಿಕೆಯೇ ಹುಟ್ಟಿರುವುದಿಲ್ಲ.

ಸಿಟಿ ಬಸ್ಸಿನ ಕಂಡಕ್ಟರನ್ನು ನೋಡಿದ್ದೀರಲ್ಲ? ಸೀಟಿನ ಕಡೆ ಮುಖ ಮಾಡಿ, ಒಂದು ಪಾದ ಡ್ರೈವರ್ ಕಡೆಗೆ, ಇನ್ನೊಂದು ಹಿಂಬಾಗಿಲ ಕಡೆಗೆ ಇಟ್ಟು, ಕಂಬ ಹಿಡಿಯದೆ ಟಿಕೆಟ್ ಕೊಡುತ್ತಾರೆ. ಬಸ್ ಹೊರಟಾಗ ನಾವು ಹಿಂದಿನವರ ಮೈಮೇಲೆ ಬೀಳುತ್ತೇವೆ, ಅವರು ಕದಲುವುದಿಲ್ಲ. ಮೊಣಕಾಲು ಸಡಿಲ, ಸೊಂಟ ಎರಡು ಪಾದಗಳ ನಡುವೆ. ಬಸ್ ಹೊರಡುವ ಮೊದಲೇ ಭಾರ ತುಸು ಮುಂಗಾಲಿಗೆ ದಾಟಿರುತ್ತದೆ. ಬೋರ್ಡ್ ಮೇಲೆ ನಿಲ್ಲಬೇಕಾದದ್ದು ಹೀಗೆಯೇ. ಹುಲ್ಲಿನ ಮೇಲೆ ಬೋರ್ಡ್ ಇಟ್ಟು, ಟ್ರಕ್ ಬಿಗಿದಿರುವ ಮುಂದಿನ ಮತ್ತು ಹಿಂದಿನ ಸ್ಕ್ರೂಗಳ ಮೇಲೆ ಒಂದೊಂದು ಪಾದ ಇಡಿ. ಎದೆ ಮುಂದಿನ ಮೊಣಕಾಲಿನ ಕಡೆ ಬರಲಿ. ನೂರಕ್ಕೆ ಅರವತ್ತು ಪಾಲು ಭಾರ ಮುಂಗಾಲಿಗೆ ಕೊಡಿ. ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು, ಇಷ್ಟನ್ನೇ ಒಂದು ವಾರ ಮಾಡಿ. ಬೇಸರವಾಗುತ್ತದೆ, ನಿಜ. ಆರು ವಾರದ ಪ್ಲಾಸ್ಟರಿನ ಬೇಸರ ನನಗೆ ಗೊತ್ತು. ಹತ್ತುವಾಗಲೂ ಮುಂಗಾಲೇ ಮೊದಲು, ಮುಂದಿನ ಸ್ಕ್ರೂಗಳ ಮೇಲೆ. ಮೊದಲು ಬಾಲದ ಮೇಲೆ ಕಾಲಿಟ್ಟರೆ ಬೋರ್ಡ್ ಮೂತಿ ಎತ್ತಿ ಮೊಳಕಾಲಿಗೆ ಬಡಿಯುತ್ತದೆ.

ಆಮೇಲೆ ರಸ್ತೆ. ಮುಂಗಾಲಿನ ಬೆರಳು ಹೋಗುವ ದಿಕ್ಕಿಗಿರಲಿ, ಹಿಂಗಾಲಿನಿಂದ ನೆಲ ತಳ್ಳಿ. ಹಿಂಗಾಲನ್ನು ಬೋರ್ಡಿಗೆ ತಂದ ಮೇಲೆಯೇ ಮುಂಗಾಲನ್ನು ಅಡ್ಡ ತಿರುಗಿಸಿ. ಕೆಲವರು ಮುಂಗಾಲಿನಿಂದಲೇ ತಳ್ಳುತ್ತಾರೆ. ಸ್ಕೇಟರ್‌ಗಳ ಬಾಯಲ್ಲಿ ಅದು ‘ಮಾಂಗೊ’. ಅದರಲ್ಲೂ ಭಾರ ಹಿಂದೆಯೇ ಉಳಿಯುತ್ತದೆ. ಅಭ್ಯಾಸವಾಗುವ ಮುಂಚೆ ಬಿಡಿ. ತಿರುಗಲು ಬೆರಳ ಕಡೆಗೋ ಹಿಮ್ಮಡಿ ಕಡೆಗೋ ವಾಲಿದರೆ ಸಾಕು. ಕಣ್ಣು ಹತ್ತಡಿ ಮುಂದಿರಲಿ, ಒಂದು ಜಲ್ಲಿ ಕಲ್ಲು ಚಕ್ರಕ್ಕೆ ಸಿಕ್ಕರೆ ಬೋರ್ಡ್ ನಿಂತು ನೀವು ಮುಂದೆ ಹೋಗುತ್ತೀರಿ.

ಇನ್ನು ಬೋರ್ಡ್ ನಿಲ್ಲಿಸುವುದು. ಭಾರವೆಲ್ಲ ಮುಂಗಾಲಿಗೆ ಕೊಟ್ಟು, ಹಿಂಗಾಲನ್ನು ಇಳಿಸಿ ಶೂ ಅಡಿಯನ್ನು ನೆಲಕ್ಕೆ ಮೆಲ್ಲಗೆ ಉಜ್ಜಿ. ಇದು ಬರುವ ತನಕ ಇಳಿಜಾರು ಬೇಡ. ಬೋರ್ಡ್ ಸಮೇತ ನೆಗೆಯುವ ಓಲಿಯ ವಿಡಿಯೊಗಳನ್ನು ಈಗ ನೋಡಲೂಬೇಡಿ. ಹತ್ತಿರದಲ್ಲಿ ಸ್ಕೇಟ್‌ಪಾರ್ಕ್ ಇದ್ದರೆ ಬೆಳಿಗ್ಗೆ ಬೇಗ ಹೋಗಿ, ಅಲ್ಲಿನ ಹುಡುಗರನ್ನು ನಾಚಿಕೆಯಿಲ್ಲದೆ ಕೇಳಿ. ನನಗೆ ನಿಲ್ಲಿಸುವುದನ್ನು ಕಲಿಸಿದವನು ಆರನೇ ಕ್ಲಾಸಿನವನು.

ಮಳೆಯಲ್ಲಿ ಬೋರ್ಡ್ ಹೊರಗೆ ತೆಗೆಯಬೇಡಿ. ಹಲಗೆ ನೀರು ಕುಡಿದರೆ ಪದರ ಬಿಡುತ್ತದೆ. ಚಕ್ರಕ್ಕೆರಡರಂತೆ ಎಂಟು ಬೇರಿಂಗ್‌ಗಳಿಗೂ ತುಕ್ಕು ಹಿಡಿಯುತ್ತದೆ.