ಹತ್ತು ಪಾಯಿಂಟ್‌ನ ಲೆಕ್ಕ

ನಿಫ್ಟಿ ಫ್ಯೂಚರ್ಸ್‌ನಲ್ಲಿ ಸ್ಕ್ಯಾಲ್ಪಿಂಗ್, ಅಂದರೆ ಕೆಲವೇ ಪಾಯಿಂಟ್‌ಗಾಗಿ ಕೊಂಡು ಕೂಡಲೇ ಮಾರುವ ವಹಿವಾಟು, ಮಾಡಿ ಸಂಪಾದಿಸಬಹುದೇ ಎಂದು ಕೇಳುವವರು ಮೊದಲು ಚಾರ್ಟ್ ತೆರೆದು ತೋರಿಸುತ್ತಾರೆ. ನಾನು ಕಾಂಟ್ರ್ಯಾಕ್ಟ್ ನೋಟ್ ತೆಗೆಯಿರಿ ಎನ್ನುತ್ತೇನೆ. ದಿನದ ವಹಿವಾಟು ಮುಗಿದ ಮೇಲೆ ಬ್ರೋಕರ್ ಕಡೆಯಿಂದ ಇ-ಮೇಲ್‌ಗೆ ಬರುವ ಆ ಪಿಡಿಎಫ್‌ ಅನ್ನು ಬಹಳಷ್ಟು ಮಂದಿ ತೆರೆದೇ ನೋಡಿರುವುದಿಲ್ಲ. ವರ್ಷಗಟ್ಟಲೆ ಈ ವಹಿವಾಟು ಮಾಡಿದ ಮೇಲೆ ನನಗೆ ಖಚಿತವಾಗಿದ್ದು ಇಷ್ಟು: ಮಾರ್ಕೆಟ್ ಎತ್ತ ಹೋಗುತ್ತದೆಂಬ ಅಂದಾಜು ಸರಿಯಿದ್ದರೂ, ಸಣ್ಣ ಏರಿಳಿತಕ್ಕೆ ಕೈಹಾಕುವವನ ಗಳಿಕೆಯನ್ನು ಖರ್ಚೇ ನುಂಗಿಬಿಡುತ್ತದೆ.

ನನ್ನ ಸೋದರಳಿಯ ಬಿ.ಕಾಂ. ಓದುತ್ತಿದ್ದಾನೆ. ಅವನ ಅಪ್ಪನಿಗೆ ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ. "ದಿನಕ್ಕೆ ಹತ್ತು ಪಾಯಿಂಟ್ ಸಾಕು ಮಾವ. ಒಂದು ಲಾಟ್‌ಗೆ ಏಳ್ನೂರೈವತ್ತು ರೂಪಾಯಿ ಆಯ್ತು. ನಿಫ್ಟಿ ದಿನಾ ನೂರಿನ್ನೂರು ಪಾಯಿಂಟ್ ಓಡಾಡುತ್ತೆ, ಅದ್ರಲ್ಲಿ ಹತ್ತು ಸಿಗಲ್ವಾ?" ಎಂದ. ಕೇಳಲು ಬಹಳ ಸರಳ. ಸ್ಕ್ಯಾಲ್ಪಿಂಗ್‌ಗೆ ಇಳಿಯುವ ಹೆಚ್ಚಿನವರ ತಲೆಯಲ್ಲಿರುವುದೂ ಇದೇ ಲೆಕ್ಕ.

ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನದೇ ಒಂದು ಕಾಂಟ್ರ್ಯಾಕ್ಟ್ ನೋಟ್ ತೆರೆದೆ. ನಿಫ್ಟಿ 24,000ದ ಆಸುಪಾಸು, ಲಾಟ್ ಎಂದರೆ ಆಗ 75 ಯೂನಿಟ್. ಅಂದರೆ ಒಂದು ಲಾಟ್‌ನ ಮೌಲ್ಯ 18 ಲಕ್ಷ ರೂಪಾಯಿ. ನಾವು ಮಾರ್ಜಿನ್ ಕಟ್ಟುವುದು ಇದರ ಒಂದು ಪಾಲಿಗೆ ಮಾತ್ರ, ಆದರೆ ತೆರಿಗೆ ಬೀಳುವುದು ಪೂರ್ತಿ 18 ಲಕ್ಷದ ಮೇಲೆ. 2024ರ ಅಕ್ಟೋಬರ್ 1ರಿಂದ ಮಾರಾಟದ ಬದಿಗೆ ಷೇರು ವಹಿವಾಟು ತೆರಿಗೆಯಾದ ಎಸ್‌ಟಿಟಿ ಶೇ 0.02 ಆಗಿತ್ತು. ಹಾಗಾಗಿ ಅದೊಂದೇ 360 ರೂಪಾಯಿ. ಕೊಂಡದ್ದು, ಮಾರಿದ್ದು ಎರಡೂ ಸೇರಿ ಎಕ್ಸ್‌ಚೇಂಜ್ ಶುಲ್ಕ 62 ರೂಪಾಯಿ, ಸ್ಟ್ಯಾಂಪ್ ಡ್ಯೂಟಿ 36, ಬ್ರೋಕರೇಜ್ 40, ನಿಯಂತ್ರಕ ಸಂಸ್ಥೆ ಸೆಬಿಯ ಶುಲ್ಕ ಮೂರೂವರೆ, ಮೇಲೆ ಜಿಎಸ್‌ಟಿ 19. ಒಟ್ಟು ಸುಮಾರು 520 ರೂಪಾಯಿ. 75ರಿಂದ ಭಾಗಿಸಿದರೆ ಹತ್ತಿರಹತ್ತಿರ ಏಳು ಪಾಯಿಂಟ್.

"ನಿಮ್ಮಪ್ಪ ಕ್ವಿಂಟಲ್‌ಗೆ ಹತ್ತು ರೂಪಾಯಿ ಲಾಭ ಸಿಗೋ ಮಾಲಿಗೆ ಹಮಾಲಿ, ಸೆಸ್ಸು, ಲಾರಿ ಬಾಡಿಗೆ ಅಂತ ಏಳು ರೂಪಾಯಿ ಹಾಕ್ತಾರೇನೋ?" ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದ.

ಇದು ಗೆದ್ದ ವಹಿವಾಟಿನ ಕಥೆ. ಸೋತಾಗಲೂ ಆ ಏಳು ಪಾಯಿಂಟ್ ಕಟ್ಟಲೇಬೇಕು. ಟಾರ್ಗೆಟ್ ಹತ್ತು, ನಷ್ಟಕ್ಕೆ ಹಾಕುವ ಮಿತಿಯಾದ ಸ್ಟಾಪ್‌ಲಾಸ್ ಹತ್ತು ಎಂದಿಟ್ಟುಕೊಂಡರೆ ಗೆದ್ದಾಗ ಕೈಗೆ ಬರುವುದು ಮೂರು, ಸೋತಾಗ ಹೋಗುವುದು ಹದಿನೇಳು. ನೂರರಲ್ಲಿ 85 ಸಲ ಗೆದ್ದರೂ ಅಲ್ಲಿಂದಲ್ಲಿಗೆ, ಒಂದು ರೂಪಾಯಿ ಉಳಿಯುವುದಿಲ್ಲ. ಕಣ್ಣುಮುಚ್ಚಿ ಕೊಂಡರೂ ನೂರಕ್ಕೆ ಐವತ್ತು ಗೆಲ್ಲಬಹುದು ಎಂದುಕೊಂಡರೆ, ಮಿಕ್ಕ ಮೂವತ್ತೈದನ್ನು ನಮ್ಮ ಜಾಣ್ಮೆಯಿಂದಲೇ ತರಬೇಕು. ಅಷ್ಟು ಜಾಣ್ಮೆಯನ್ನು ನಾನು ಯಾರಲ್ಲೂ ಕಂಡಿಲ್ಲ. ಅದೇ ಟಾರ್ಗೆಟ್ 40, ಸ್ಟಾಪ್‌ಲಾಸ್ 20 ಆದರೆ ಗೆದ್ದಾಗ 33, ಸೋತಾಗ 27. ನೂರಕ್ಕೆ 45 ಗೆದ್ದರೆ ಸರಿಸಮ. ಇಲ್ಲಿ ಕಣ್ಣುಮುಚ್ಚಿ ಗೆಲ್ಲುವುದು ಮೂವತ್ತಮೂರು, ಜಾಣ್ಮೆಯಿಂದ ತರಬೇಕಾದದ್ದು ಹನ್ನೆರಡು. ಇದೂ ಸುಲಭವಲ್ಲ, ಆದರೆ ಶ್ರಮಪಟ್ಟವನ ಕೈಗೆಟುಕುವ ದೂರದಲ್ಲಿದೆ. ಟಾರ್ಗೆಟ್ ಚಿಕ್ಕದಾದಷ್ಟೂ ಕೆಲಸ ಸುಲಭ ಎಂದು ಮನಸ್ಸು ಹೇಳುತ್ತದೆ. ಲೆಕ್ಕ ತದ್ವಿರುದ್ಧ ಹೇಳುತ್ತದೆ.

ನೋಟ್‌ನಲ್ಲಿ ಕಾಣದ ಖರ್ಚು ಇನ್ನೊಂದಿದೆ. ಬಿಡ್–ಆಸ್ಕ್ (ಕೊಳ್ಳುವವರ ಮತ್ತು ಮಾರುವವರ ಬೆಲೆ) ನಡುವಿನ ಅಂತರ ಉಳಿಸಲು ನಾನು ಇಂತಿಷ್ಟೇ ಬೆಲೆಗೆ ಎಂದು ಲಿಮಿಟ್ ಆರ್ಡರ್ ಹಾಕುತ್ತಿದ್ದೆ. 24,012ಕ್ಕೆ ಕೊಳ್ಳಲು ಆರ್ಡರ್ ಇಟ್ಟು ಸ್ಕ್ರೀನಿನಲ್ಲಿ ಕಾಣುವ ಬೆಲೆಗಳ ಐದು ಸಾಲುಗಳನ್ನೇ ನೋಡುತ್ತಾ ಕೂರುವುದು. ಒಂದೇ ಬೆಲೆಗೆ ನಿಂತವರಲ್ಲಿ ಮೊದಲು ಬಂದವರಿಗೆ ಮೊದಲು ಸಿಗುತ್ತದೆ. ಬೆಲೆ 24,012 ಮುಟ್ಟಿ ಚಿಮ್ಮಿದರೆ ಮುಂದಿದ್ದವರಿಗೆ ಸಿಕ್ಕಿ, ನಮ್ಮದು ಹಾಗೇ ಉಳಿಯುತ್ತದೆ. ಅದನ್ನು ಸೀಳಿಕೊಂಡು ಕೆಳಗಿಳಿದರೆ ಮಾತ್ರ ತಪ್ಪದೆ ಸಿಗುತ್ತದೆ, ಸಿಕ್ಕ ಕ್ಷಣವೇ ನಷ್ಟ. ಒಳ್ಳೆಯ ಎಂಟ್ರಿಗಳು ತಪ್ಪಿ ಕೆಟ್ಟವಷ್ಟೇ ಕೈಗೆ ಬರುವುದು ದುರದೃಷ್ಟವಲ್ಲ, ಸಾಲಿನಲ್ಲಿ ಹಿಂದೆ ನಿಂತವನಿಗೆ ಆಗಬೇಕಾದದ್ದೇ ಅದು. ಮುಂದೆ ನಿಂತಿರುವುದು ಎಕ್ಸ್‌ಚೇಂಜ್‌ನ ಆವರಣದಲ್ಲೇ ಸರ್ವರ್ ಇಟ್ಟುಕೊಂಡ ಸಂಸ್ಥೆಗಳು. ಅವೂ ಎಸ್‌ಟಿಟಿ ಕಟ್ಟುತ್ತವೆ, ನಿಜ. ಆದರೆ ಎಕ್ಸ್‌ಚೇಂಜ್‌ನ ಸದಸ್ಯತ್ವವಿದ್ದರೆ ಬ್ರೋಕರೇಜ್ ಇಲ್ಲ, ಫ್ಯೂಚರ್ಸ್‌ನಲ್ಲಿ ಕೊಂಡದ್ದನ್ನು ಆಪ್ಷನ್ಸ್‌ನಲ್ಲೋ ಷೇರುಗಳಲ್ಲೋ ಸರಿದೂಗಿಸುವ ದಾರಿಯೂ ಇದೆ.

ಕಾಣದ ಖರ್ಚು ಸ್ಟಾಪ್‌ಲಾಸ್‌ನಲ್ಲೂ ಇದೆ. 2024ರ ಜೂನ್ 4, ಲೋಕಸಭಾ ಚುನಾವಣೆಯ ಎಣಿಕೆಯ ದಿನ, ನಿಫ್ಟಿ ಶೇ 5.9ರಷ್ಟು ಕುಸಿದು 21,884ಕ್ಕೆ ಮುಗಿಯಿತು. ಅಂದು ನನ್ನ ಸ್ಟಾಪ್‌ಲಾಸ್ ಟ್ರಿಗರ್ ಆದ ಬೆಲೆಗೂ ನಿಜವಾಗಿ ಮಾರಾಟವಾದ ಬೆಲೆಗೂ ಹತ್ತಕ್ಕಿಂತ ಹೆಚ್ಚು ಪಾಯಿಂಟ್ ಅಂತರವಿತ್ತು. ಸ್ಕ್ಯಾಲ್ಪರ್‌ನ ಇಡೀ ಟಾರ್ಗೆಟ್ ಅಷ್ಟೇ.

ಈ ಮಾತುಗಳು ನನ್ನೊಬ್ಬನ ಅನುಭವವಾಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಹೊರತಂದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದರು. ಖರ್ಚು ಕಳೆದು ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ಲಾಭ ಮಾಡಿದವರು ಶೇ 1 ಮಾತ್ರ. ಇದರಲ್ಲಿ ಆಪ್ಷನ್ಸ್ ಮಂದಿಯೇ ಹೆಚ್ಚು ಎನ್ನಬಹುದು. ಹಾಗಾದರೆ ಬ್ರೆಜಿಲ್ ನೋಡೋಣ. ಅಲ್ಲಿ ಶಾಗೆ, ಡಿ-ಲೊಸ್ಸೊ, ಜಿಯೊವನೆಟ್ಟಿ ಎಂಬ ಮೂವರು ಅರ್ಥಶಾಸ್ತ್ರಜ್ಞರು ಸೂಚ್ಯಂಕ ಫ್ಯೂಚರ್ಸ್‌ನ ದಿನವಹಿವಾಟನ್ನೇ ಅಧ್ಯಯನ ಮಾಡಿದರು. 2013ರಿಂದ 2015ರ ನಡುವೆ ಶುರುಮಾಡಿ 300 ದಿನಕ್ಕೂ ಹೆಚ್ಚು ಪಟ್ಟುಹಿಡಿದು ಉಳಿದವರಲ್ಲಿ ಶೇ 97 ಮಂದಿಗೆ ನಷ್ಟ. ಅಲ್ಲಿನ ಕನಿಷ್ಠ ವೇತನಕ್ಕಿಂತ ಹೆಚ್ಚು ಗಳಿಸಿದವರು ಶೇ 1.1. ಅಭ್ಯಾಸವಾದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಈ ಅಂಕಿಯನ್ನು ಎರಡು ಸಲ ಓದಬೇಕು.

ಹಾಗಂತ ಲಾಭವೇ ಇಲ್ಲ ಎಂದು ನಾನು ಹೇಳಲಾರೆ, ಏಕೆಂದರೆ ನಾನು ಇಂದಿಗೂ ಟ್ರೇಡ್ ಮಾಡುತ್ತೇನೆ. ಆದರೆ ಅದನ್ನು ಸ್ಕ್ಯಾಲ್ಪಿಂಗ್ ಎನ್ನಲಾಗದು. 9.15ಕ್ಕೆ ಮಾರ್ಕೆಟ್ ತೆರೆದಾಗಿನ ಗದ್ದಲ ಅಡಗುವವರೆಗೆ ಸುಮ್ಮನಿರುತ್ತೇನೆ. ನಲವತ್ತು ಪಾಯಿಂಟ್‌ಗಿಂತ ಕಡಿಮೆ ಚಲನೆಯ ನಿರೀಕ್ಷೆಯಿದ್ದರೆ ಕೈಹಾಕುವುದಿಲ್ಲ, ಎಷ್ಟೋ ದಿನ ಒಂದೂ ಆರ್ಡರ್ ಇರುವುದಿಲ್ಲ. ಪುಸ್ತಕದಲ್ಲಿ ಗ್ರಾಸ್, ಖರ್ಚು, ನಿವ್ವಳ ಎಂದು ಮೂರು ಕಾಲಂ. ನಿವ್ವಳದಲ್ಲಿ ಉಳಿಯುವುದು ಕೈಖರ್ಚಿಗೆ ಸರಿ, ಸಂಬಳ ಬಿಟ್ಟು ಕೂರುವಷ್ಟಲ್ಲ. ಈ ಪುಸ್ತಕ ತೆರಿಗೆಗೂ ಬೇಕು: ಫ್ಯೂಚರ್ಸ್ ಗಳಿಕೆ ವ್ಯಾಪಾರದ ಆದಾಯವೆಂದೇ ಪರಿಗಣನೆಯಾಗುತ್ತದೆ, ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ಗಡುವಿನೊಳಗೆ ರಿಟರ್ನ್ಸ್ ಸಲ್ಲಿಸಿರಬೇಕು. ನಷ್ಟವಾಗಿದೆಯಲ್ಲ, ಸಲ್ಲಿಸುವುದೇನಿದೆ ಎಂದು ಬಿಟ್ಟವರನ್ನು ಬಹಳ ನೋಡಿದ್ದೇನೆ.

ಸೋದರಳಿಯ ಹಣ ಹಾಕದೆ ಕೆಲವು ವಾರ ಕಾಗದದ ಮೇಲೆ ಟ್ರೇಡ್ ಮಾಡಿ, ಪ್ರತಿಯೊಂದಕ್ಕೂ ಏಳು ಪಾಯಿಂಟ್ ಕಳೆದು ತಂದ. ಗ್ರಾಸ್ ಲಾಭ, ನಿವ್ವಳ ನಷ್ಟ. "ಒಂದರ ಬದಲು ಎರಡು ಲಾಟ್ ಹಾಕಿದ್ರೆ ಖರ್ಚು ಹಂಚಿಹೋಗಲ್ವಾ ಮಾವ?" ಎಂದ. ಒಳ್ಳೆಯ ಪ್ರಶ್ನೆಯೇ. ಹಂಚಿಹೋಗುವುದು ಬ್ರೋಕರೇಜ್ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ, ಮಿಕ್ಕಿದ್ದೆಲ್ಲ ಮೌಲ್ಯದ ಜೊತೆಗೇ ದುಪ್ಪಟ್ಟಾಗುತ್ತದೆ. ಕ್ಯಾಲ್ಕುಲೇಟರ್ ಅವನ ಕೈಗೇ ಕೊಟ್ಟೆ. ಸುಮಾರು ಏಳು ಇದ್ದದ್ದು 6.6ಕ್ಕೆ ಇಳಿಯಿತು.