ನೌಕೆಯ ಬಿಸಿನೀರಿನ ತೊಟ್ಟಿ ಸೋರಿದಾಗ

ನಮ್ಮ ಬಚ್ಚಲುಮನೆಯ ಹಂಡೆಯ ಬಾಯಿ ತೆರೆದಿರುವುದು. ಕಾದ ನೀರು ಹಿಗ್ಗಿದರೆ ಅದರ ಮಟ್ಟ ತುಸು ಮೇಲೇರುವುದು. ಕುದಿದರೆ ಆವಿಯು ಹೊರಕ್ಕೆ ಹೋಗುವುದು. ಆದುದರಿಂದ ಹಂಡೆಯೊಳಗಿನ ಒತ್ತಡವನ್ನು ಕುರಿತು ಯಾರೂ ಚಿಂತಿಸುವುದಿಲ್ಲ. ಅದೇ ನೀರನ್ನು ಎಲ್ಲ ಕಡೆಯೂ ಮುಚ್ಚಿದ ಲೋಹದ ತೊಟ್ಟಿಯಲ್ಲಿ ಕಾಯಿಸಿದಾಗ ಪರಿಸ್ಥಿತಿ ಬೇರೆಯಾಗುವುದು. ಅಂತಹ ತೊಟ್ಟಿಯ ಅಡಿಯಲ್ಲಿ ನೀರಿನ ಹನಿ ಕಾಣಿಸಿಕೊಂಡರೆ, ಅದು ತೊಟ್ಟಿಗೆ ಬಂದ ರೋಗವೋ ಅಥವಾ ತೊಟ್ಟಿಯು ತನ್ನನ್ನು ತಾನು ರಕ್ಷಿಸಿಕೊಳ್ಳುತ್ತಿರುವ ಲಕ್ಷಣವೋ ಎಂಬುದನ್ನು ಮೊದಲು ತಿಳಿಯಬೇಕು. ಇದನ್ನು ತಿಳಿಯದೆ ಮಾಡಿದ ದುರಸ್ತಿ ಸೋರಿಕೆಗಿಂತ ಅಪಾಯಕಾರಿ. ವಿಹಾರನೌಕೆಗಳ ಬಿಸಿನೀರಿನ ತೊಟ್ಟಿಯನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ವಿಚಾರ ಮಾಡೋಣ.

ತೊಟ್ಟಿಯ ರಚನೆ

ಅಮೆರಿಕದ ವಾಯವ್ಯ ತೀರದಲ್ಲಿ ಪ್ಯೂಜೆಟ್ ಸೌಂಡ್ ಎಂಬ, ನೆಲದೊಳಕ್ಕೆ ಚಾಚಿಕೊಂಡಿರುವ ತಣ್ಣನೆಯ ಸಮುದ್ರಭಾಗವಿದೆ. ಅಲ್ಲಿನ ಜನರು ಮಲಗುವ ಕೋಣೆ, ಅಡಿಗೆಯ ಒಲೆ, ಸ್ನಾನದ ಏರ್ಪಾಡುಗಳಿರುವ ಚಿಕ್ಕ ನೌಕೆಗಳಲ್ಲಿ ಹಲವು ದಿನ ವಿಹರಿಸುವುದುಂಟು. ಇಂತಹ ನೌಕೆಗಳಲ್ಲಿ ಬಿಸಿನೀರಿನ ತೊಟ್ಟಿಯನ್ನು ಸಾಮಾನ್ಯವಾಗಿ ಎಂಜಿನ್ನಿನ ಬಳಿಯ ಇಕ್ಕಟ್ಟಾದ ಜಾಗದಲ್ಲಿ ಕೂರಿಸಿರುತ್ತಾರೆ.

ತೊಟ್ಟಿಗೆ ತಣ್ಣೀರನ್ನು ಒಂದು ವಿದ್ಯುತ್ ಪಂಪು ಒತ್ತಡದಿಂದ ನೂಕುವುದು. ನೀರು ಕಾಯಲು ಎರಡು ದಾರಿಗಳಿವೆ. ನೌಕೆಯು ದಡಕ್ಕೆ ಕಟ್ಟಿರುವಾಗ ದಡದ ವಿದ್ಯುತ್ತಿನಿಂದ ತೊಟ್ಟಿಯೊಳಗಿನ ಕಾಯಿಸುವ ಸರಳು ಕೆಲಸ ಮಾಡುವುದು. ಎಂಜಿನ್ನು ಓಡುತ್ತಿರುವಾಗ, ಅದನ್ನು ತಂಪಾಗಿಡುವ ದ್ರವವು ಸುಮಾರು 80 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ತೊಟ್ಟಿಯೊಳಗಿನ ಲೋಹದ ಸುರುಳಿಯ ಮೂಲಕ ಹಾಯ್ದು ತನ್ನ ಶಾಖವನ್ನು ನೀರಿಗೆ ಕೊಡುವುದು. ಹೀಗೆ ಎಂಜಿನ್ನು ವ್ಯರ್ಥವಾಗಿ ಚೆಲ್ಲುವ ಶಾಖವೇ ಸ್ನಾನಕ್ಕೆ ಒದಗುವುದು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಸುರುಳಿಯ ಹೊರಗಿರುವುದು ಪಾತ್ರೆ ತೊಳೆಯುವ, ಬಾಯಿ ಮುಕ್ಕಳಿಸುವ ನೀರು. ಸುರುಳಿಯ ಒಳಗಿರುವುದು ಅನೇಕ ವೇಳೆ ಎಥಿಲೀನ್ ಗ್ಲೈಕಾಲ್ ಬೆರೆತ ದ್ರವ. ಇದು ಸಿಹಿಯಾದ ವಿಷ. ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣವನ್ನೇ ತೆಗೆಯಬಲ್ಲದು. ಇವೆರಡನ್ನೂ ಬೇರ್ಪಡಿಸಿರುವುದು ತೆಳುವಾದ ಲೋಹದ ಗೋಡೆ ಮಾತ್ರ.

ಯಾವ ನೀರು?

ನೌಕೆಯ ತಳದಲ್ಲಿ ಕಂಡ ನೀರೆಲ್ಲವೂ ತೊಟ್ಟಿಯದೇ ಎಂದು ಭಾವಿಸಬಾರದು. ಅದು ಹೊರಗಿನ ಸಮುದ್ರದ ನೀರಾಗಿರಬಹುದು, ಕುಡಿಯುವ ನೀರಾಗಿರಬಹುದು, ಎಂಜಿನ್ನಿನ ದ್ರವವಾಗಿರಬಹುದು. ರುಚಿ ನೋಡಿ ನಿರ್ಣಯಿಸುವುದು ಸಲ್ಲದು. ಕಾರಣವನ್ನು ಈಗಾಗಲೇ ಹೇಳಿದೆ. ಬಿಳಿಯ ಬಟ್ಟೆಯಿಂದ ಒರೆಸಿದಾಗ ಹಸಿರು, ಕೆಂಪು ಮೊದಲಾದ ಬಣ್ಣ ಕಂಡು, ಬೆರಳಿಗೆ ಜಿಗುಟೆನಿಸಿದರೆ ಅದು ಎಂಜಿನ್ನಿನ ದ್ರವ. ಕೈಯನ್ನು ಕೂಡಲೇ ತೊಳೆದುಕೊಳ್ಳಬೇಕು. ಬಣ್ಣವಿಲ್ಲದ ನೀರಿಗೆ ಒಂದೆರಡು ಹನಿ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹಾಕಿ ನೋಡಬಹುದು. ಸಮುದ್ರದ ನೀರಿನಲ್ಲಿ ಮೊಸರಿನಂತಹ ಬಿಳಿಯ ಪ್ರಕ್ಷೇಪ ದಟ್ಟವಾಗಿ ಉಂಟಾಗುವುದು. ಸಿಹಿನೀರು ಹೆಚ್ಚೆಂದರೆ ಮಬ್ಬಾಗುವುದು. ಯಾವ ಕೊಳಾಯಿಯನ್ನೂ ತಿರುಗಿಸದಿದ್ದರೂ ಪಂಪು ಆಗಾಗ್ಗೆ ತಾನಾಗಿಯೇ ಓಡುತ್ತಿದ್ದರೆ, ಒತ್ತಡದಲ್ಲಿರುವ ಸಿಹಿನೀರು ಎಲ್ಲಿಯೋ ಹೊರಹೋಗುತ್ತಿದೆ ಎಂಬುದಕ್ಕೆ ಅದು ಸಾಕ್ಷಿ.

ಮೂರು ಪರೀಕ್ಷೆಗಳು

ಹನಿ ಬೀಳುವ ಸ್ಥಳವೇ ಸೋರುವ ಸ್ಥಳವಲ್ಲ. ನೀರು ಕೊಳವೆಯ ಅಡಿಮೈಯನ್ನು ಹಿಡಿದುಕೊಂಡು ಒಂದೆರಡು ಅಡಿ ಸಾಗಿ ಬೇರೆಡೆ ತೊಟ್ಟಿಕ್ಕಬಹುದು. ಆದುದರಿಂದ ಮೊದಲು ಎಲ್ಲವನ್ನೂ ಒಣಗಿಸಿ, ಪ್ರತಿಯೊಂದು ಕೂಡುಸ್ಥಾನಕ್ಕೂ ತೆಳುವಾದ ಕಾಗದವನ್ನು ಸುತ್ತಬೇಕು. ಒದ್ದೆಯಾದ ಕಾಗದಗಳಲ್ಲಿ ಎಲ್ಲಕ್ಕಿಂತ ಮೇಲಿರುವುದೇ ಸೋರಿಕೆಯ ಮೂಲಕ್ಕೆ ಹತ್ತಿರವಾದುದು.

ಇನ್ನು ಪರೀಕ್ಷೆ. ಪ್ರಯೋಗಶಾಲೆಯಲ್ಲಿ ಮಾಡುವಂತೆ ಇಲ್ಲಿಯೂ ಒಂದು ಸಲಕ್ಕೆ ಒಂದೇ ಸ್ಥಿತಿಯನ್ನು ಬದಲಿಸಬೇಕು.

ಮೊದಲನೆಯದು: ಎಲ್ಲವೂ ತಣ್ಣಗಿರುವಾಗ ಪಂಪನ್ನು ಮಾತ್ರ ನಡೆಯಿಸಿ ಒಂದು ಗಂಟೆ ಕಾಯುವುದು. ಆಗಲೇ ಕಾಗದ ಒದ್ದೆಯಾದರೆ ದೋಷವು ನೀರಿನ ಕೊಳವೆಯ ಕೂಡುಸ್ಥಾನದಲ್ಲಿಯೋ, ಕಾಯಿಸುವ ಸರಳಿನ ಗ್ಯಾಸ್ಕೆಟ್ಟಿನಲ್ಲಿಯೋ, ತೊಟ್ಟಿಯ ಮೈಯಲ್ಲಿಯೋ ಇದೆ.

ಎರಡನೆಯದು: ಎಂಜಿನ್ನನ್ನು ಓಡಿಸದೆ, ದಡದ ವಿದ್ಯುತ್ತಿನಿಂದ ಮಾತ್ರ ನೀರನ್ನು ಕಾಯಿಸುವುದು. ಈಗ ಹೊಸದಾಗಿ ಒದ್ದೆ ಕಂಡರೆ ಅದು ನೀರು ಹಿಗ್ಗಿದುದರ ಫಲ.

ಮೂರನೆಯದು: ಎಂಜಿನ್ನನ್ನು ಓಡಿಸುವುದು. ತೊಟ್ಟಿಯ ನೀರು ಆಗಲೇ ಕಾದಿರುವುದರಿಂದ, ಈಗ ಮಾತ್ರ ಕಾಣುವ ಒದ್ದೆ ಎಂಜಿನ್ನಿನ ದ್ರವದ ಕೊಳವೆಗಳದೆಂದು ಶಂಕಿಸಲು ಬಲವಾದ ಕಾರಣವುಂಟು. ಬಟ್ಟೆಯ ಬಣ್ಣ ಅದನ್ನು ಸ್ಥಿರಪಡಿಸುವುದು.

ಮುಚ್ಚಬಾರದ ದ್ವಾರ

ಎರಡನೆಯ ಪರೀಕ್ಷೆಯಲ್ಲಿ ಅನೇಕ ವೇಳೆ ಒದ್ದೆಯಾಗುವುದು ಸುರಕ್ಷಾ ಕವಾಟದ ಬಾಯಿ. 40 ಲೀಟರು ನೀರನ್ನು 20 ಡಿಗ್ರಿಯಿಂದ 80 ಡಿಗ್ರಿಗೆ ಕಾಯಿಸಿದರೆ ಅದರ ಗಾತ್ರ ಶೇಕಡಾ 2.7ರಷ್ಟು, ಎಂದರೆ ಒಂದು ಲೀಟರಿಗೂ ತುಸು ಹೆಚ್ಚಾಗಿ, ಬೆಳೆಯುವುದು. ತಣ್ಣೀರಿನ ಕೊಳವೆಯಲ್ಲಿ ಏಕಮುಖ ಕವಾಟವಿರುವುದರಿಂದ ಈ ನೀರು ಹಿಂದಕ್ಕೆ ಹೋಗಲಾರದು. ನೀರನ್ನು ಅದುಮಿ ಕಿರಿದುಗೊಳಿಸುವುದು ಬಹುಮಟ್ಟಿಗೆ ಅಸಾಧ್ಯ. ಒತ್ತಡವು ಏರಿ, ಸಾಮಾನ್ಯವಾಗಿ ಸುಮಾರು 5 ವಾಯುಮಂಡಲಗಳಷ್ಟಾದಾಗ ಸುರಕ್ಷಾ ಕವಾಟ ತೆರೆದುಕೊಂಡು ಸ್ವಲ್ಪ ನೀರನ್ನು ಹೊರಬಿಡುವುದು. ಇದು ದೋಷವಲ್ಲ, ಕರ್ತವ್ಯ.

ಸೋರುವುದೆಂದು ಬೇಸತ್ತು ಈ ಬಾಯಿಗೆ ಬಿರಡೆ ಹಾಕಿದರೆ ಏನಾಗುವುದು? ಉಷ್ಣತೆಯನ್ನು ತಡೆಯುವ ಥರ್ಮಾಸ್ಟ್ಯಾಟ್ ಕೆಟ್ಟಿತೆನ್ನಿ. ಅಷ್ಟು ಒತ್ತಡದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯದೆ, ಸುಮಾರು 159 ಡಿಗ್ರಿಯವರೆಗೂ ದ್ರವವಾಗಿಯೇ ಉಳಿಯುವುದು. ಆಗ ತೊಟ್ಟಿ ಬಿರಿದರೆ ಒತ್ತಡ ಒಮ್ಮೆಲೇ ಇಳಿದು, ನೀರಿನ ಸುಮಾರು ಹತ್ತನೆಯ ಒಂದು ಭಾಗ ಕ್ಷಣದಲ್ಲಿ ಆವಿಯಾಗುವುದು. ಒಂದು ಲೀಟರು ನೀರು ಆವಿಯಾದರೆ ಸುಮಾರು 1,600 ಲೀಟರು ಸ್ಥಳ ಬೇಕು. ಇಕ್ಕಟ್ಟಾದ ನೌಕೆಯಲ್ಲಿ ಇದು ಸಿಡಿಗುಂಡಿಗೆ ಸಮಾನ. ಈಗ ನಮ್ಮ ಮನೆಗಳಿಗೆ ಬಂದಿರುವ ಗೀಸರಿಗೂ ಈ ಮಾತು ಅನ್ವಯಿಸುವುದು.

ಸರಿಯಾದ ಉಪಾಯ ಬೇರೆ ಇದೆ. ನೀರು ತಣ್ಣಗಿರುವಾಗಲೂ ಕವಾಟ ಸೋರುತ್ತಿದ್ದರೆ ಅದರ ಹಿಡಿಯನ್ನೆತ್ತಿ, ಒಳಗೆ ಸಿಕ್ಕಿದ ಕಸವನ್ನು ನೀರಿನ ರಭಸದಿಂದ ತೊಳೆಯಬೇಕು. ಆಗಲೂ ನಿಲ್ಲದಿದ್ದರೆ ಅದೇ ಒತ್ತಡಕ್ಕೆ ಅಳವಡಿಸಿದ ಹೊಸ ಕವಾಟವನ್ನು ಹಾಕಬೇಕು. ಕಾದಾಗ ಮಾತ್ರ ಸೋರಿದರೆ, ಗಾಳಿ ತುಂಬಿದ ಒಂದು ಚಿಕ್ಕ ಡಬ್ಬಿಯನ್ನು ಕೊಳವೆಗೆ ಜೋಡಿಸಬಹುದು. ನೀರು ಹಿಗ್ಗಿದಾಗ ಗಾಳಿಯು ಕುಗ್ಗಿ ಸ್ಥಳ ಕೊಡುವುದು.

ಕಣ್ಣಿಗೆ ಕಾಣದ ಸೋರಿಕೆ

ಎಲ್ಲಕ್ಕಿಂತ ಕೆಟ್ಟ ಸೋರಿಕೆಯಲ್ಲಿ ಒಂದು ಹನಿಯೂ ಹೊರಕ್ಕೆ ಬೀಳುವುದಿಲ್ಲ. ಅದು ಸುರುಳಿಯಲ್ಲಿ ಬಿದ್ದ ರಂಧ್ರ. ಪಂಪು ನಡೆಯುವಾಗ ನೀರಿನ ಒತ್ತಡವೇ ಹೆಚ್ಚಾಗಿರುವುದರಿಂದ ನೀರು ಎಂಜಿನ್ನಿನ ದ್ರವಕ್ಕೆ ಸೇರಿ, ಆ ದ್ರವದ ಮಟ್ಟ ಕಾರಣವಿಲ್ಲದೆ ಏರುವುದು. ಪಂಪು ನಿಂತು ಎಂಜಿನ್ನು ಓಡುವಾಗ ಇದು ತಿರುಗುಮುರುಗಾಗಿ, ವಿಷವು ಬಿಸಿನೀರಿಗೆ ಬರುವುದು. ಮಟ್ಟದ ಏರಿಳಿತ ಕಂಡರೆ, ಅಥವಾ ಬಿಸಿನೀರಿನಲ್ಲಿ ಬಣ್ಣವೋ ನೊರೆಯೋ ಕಂಡರೆ, ಆ ನೀರನ್ನು ಯಾವುದಕ್ಕೂ ಬಳಸದೆ ತೊಟ್ಟಿಯನ್ನು ಬದಲಿಸಬೇಕು. ಕೊಳವೆಗಳನ್ನು ಚೆನ್ನಾಗಿ ತೊಳೆಯಬೇಕು.

ದುರಸ್ತಿ

ಕೆಲಸಕ್ಕೆ ಮೊದಲು ದಡದ ವಿದ್ಯುತ್ತನ್ನು ಕಡಿದು, ಪಂಪನ್ನು ನಿಲ್ಲಿಸಿ, ತೊಟ್ಟಿ ಆರಿದ ಮೇಲೆ ಕೊಳಾಯಿ ತೆರೆದು ಒತ್ತಡವನ್ನು ಇಳಿಸಬೇಕು. ಕೂಡುಸ್ಥಾನ ಸೋರುತ್ತಿದ್ದರೆ ಅದನ್ನು ಬಿಚ್ಚಿ, ಮರೆಗಳನ್ನು ಶುಚಿಮಾಡಿ, ಟೆಫ್ಲಾನ್ ಪಟ್ಟಿ ಸುತ್ತಿ ಮತ್ತೆ ಬಿಗಿಯಬೇಕು. ಗಟ್ಟಿಯಾಗಿ ಬಿರುಕುಬಿಟ್ಟ ರಬ್ಬರು ಕೊಳವೆಯನ್ನೂ ಹಳೆಯ ಗ್ಯಾಸ್ಕೆಟ್ಟನ್ನೂ ಬದಲಿಸಬೇಕು.

ತೊಟ್ಟಿಯ ಮೈಯಲ್ಲಿಯೇ ಸೂಜಿಮೊನೆಯಷ್ಟು ತೂತು ಬಿದ್ದಿದ್ದರೆ ಅದಕ್ಕೆ ತೇಪೆ ಹಾಕುವುದು ವ್ಯರ್ಥ. ಎರಡು ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ಕೂಡಿದರೆ ವಿದ್ಯುತ್ಕೋಶವೇ ಆಗಿ, ಅವುಗಳಲ್ಲೊಂದು ಸವೆಯುವುದು. ಹಡಗಿನ ತಾಮ್ರದ ಹೊದಿಕೆಯನ್ನು ಸತುವಿನ ತುಂಡುಗಳಿಂದ ರಕ್ಷಿಸಬಹುದೆಂದು ಹಂಫ್ರಿ ಡೇವಿ 1824ರಲ್ಲಿಯೇ ತೋರಿಸಿದನು. ಹೀಗೆ ಸವೆದ ಗೋಡೆಯಲ್ಲಿ ಒಂದು ತೂತು ಕಂಡಿತೆಂದರೆ ಅದರ ಸುತ್ತಲಿನ ಲೋಹವೂ ತೆಳುವಾಗಿದೆ ಎಂದರ್ಥ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಶೇಕಡಾ 9ರಷ್ಟು ಹಿಗ್ಗಿ ಬಿರಿದ ತೊಟ್ಟಿಯ ಗತಿಯೂ ಇದೇ.

ಅವಸರದ ತೇಪೆಯ ಬೆಲೆ ಎಷ್ಟಾಗಬಹುದೆಂಬುದನ್ನು ಆವಿಹಡಗುಗಳ ಚರಿತ್ರೆ ತಿಳಿಸುವುದು. 1865ರಲ್ಲಿ ಮಿಸಿಸಿಪಿ ನದಿಯ ಸುಲ್ತಾನಾ ಎಂಬ ಹಡಗಿನ ಬಾಯ್ಲರೊಂದು ಉಬ್ಬಿ ಸೋರತೊಡಗಿತು. ವಿಕ್ಸ್‌ಬರ್ಗಿನಲ್ಲಿ ಅದಕ್ಕೊಂದು ಸಣ್ಣ ತೇಪೆ ಹಾಕಿ, 376 ಜನರನ್ನು ಹೊರಬೇಕಾಗಿದ್ದ ಹಡಗಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ತುಂಬಿದರು. ಏಪ್ರಿಲ್ 27ರ ರಾತ್ರಿ, ಮೆಂಫಿಸ್ ನಗರದ ಬಳಿ, ನಾಲ್ಕರಲ್ಲಿ ಮೂರು ಬಾಯ್ಲರುಗಳು ಸಿಡಿದವು. 1,100ಕ್ಕೂ ಹೆಚ್ಚು ಜನ ಸತ್ತರು. ದುರಂತಕ್ಕೆ ಹೇಳಲಾಗುವ ಕಾರಣಗಳು ಹಲವು. ಆ ತೇಪೆಯೂ ಅವುಗಳಲ್ಲೊಂದು.

ದುರಸ್ತಿಯಾದ ಮೇಲೆ ತೊಟ್ಟಿಗೆ ನೀರು ತುಂಬಿ, ಗಾಳಿಯೆಲ್ಲ ಹೊರಹೋಗುವವರೆಗೆ ಬಿಸಿನೀರಿನ ಕೊಳಾಯಿಯನ್ನು ತೆರೆದಿಟ್ಟು, ಅನಂತರವೇ ವಿದ್ಯುತ್ತನ್ನು ಹಾಯಿಸಬೇಕು. ಬರಿದಾದ ತೊಟ್ಟಿಯಲ್ಲಿ ಕಾಯಿಸುವ ಸರಳು ಸುಟ್ಟುಹೋಗುವುದು. ಬಳಿಕ ಹೊಸ ಕಾಗದಗಳನ್ನು ಸುತ್ತಿ ಆ ಮೂರು ಪರೀಕ್ಷೆಗಳನ್ನೂ ಮೊದಲಿನ ಕ್ರಮದಲ್ಲಿಯೇ ಮತ್ತೆ ಮಾಡಬೇಕು. ಸುರಕ್ಷಾ ಕವಾಟದ ಕಾಗದವೊಂದನ್ನು ಬಿಟ್ಟು ಉಳಿದುವೆಲ್ಲವೂ ಮೂರರಲ್ಲಿಯೂ ಒಣಗಿ ಉಳಿದರೆ ಮಾತ್ರ ಕೆಲಸ ಮುಗಿಯಿತೆಂದು ಹೇಳಬಹುದು.