ರೀಫಂಡ್ ಖಾತೆಗೆ ಬಾರದಿದ್ದರೆ

ಪ್ರಶ್ನೆ: ನಿವೃತ್ತ ಶಿಕ್ಷಕಿಯೊಬ್ಬರ ಆದಾಯ ತೆರಿಗೆ ರೀಫಂಡ್ ತಿಂಗಳುಗಳಾದರೂ ಬಂದಿಲ್ಲ. ಇಲಾಖೆಯ ಕುಂದುಕೊರತೆ ವ್ಯವಸ್ಥೆಯಾದ ಇ-ನಿವಾರಣ್‌ನಲ್ಲಿ ಕೊಟ್ಟ ದೂರಿಗೂ ಉತ್ತರವಿಲ್ಲ.

ಉತ್ತರ: ಮೊದಲು ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ರೀಫಂಡ್ ಸ್ಥಿತಿ ನೋಡಿ. ‘ವಿಫಲ’ ಎಂದಿದ್ದರೆ ತೊಡಕು ಸಾಮಾನ್ಯವಾಗಿ ಬ್ಯಾಂಕ್ ಖಾತೆಯದು: ಪ್ಯಾನ್ ಮತ್ತು ಪಾಸ್‌ಬುಕ್ಕಿನ ಹೆಸರು ಹೊಂದಿಕೆಯಾಗದಿರುವುದು, ಇಲ್ಲವೇ ಬ್ಯಾಂಕ್ ಶಾಖೆಯ ಹಳೆಯ ಕೋಡ್ ಆದ ಐಎಫ್‌ಎಸ್‌ಸಿ. 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾದ ಸಿಂಡಿಕೇಟ್ ಬ್ಯಾಂಕಿನ ಕೋಡ್‌ಗಳು ಈಗ ನಡೆಯುವುದಿಲ್ಲ. ಖಾತೆಯನ್ನು ಮತ್ತೆ ವ್ಯಾಲಿಡೇಟ್ ಮಾಡಿ, ‘ರೀಫಂಡ್ ರೀಇಶ್ಯೂ’ಗೆ ಕೋರಿಕೆ ಸಲ್ಲಿಸಿ.

ರೀಫಂಡ್ ಮೊತ್ತ ಹಳೆಯ ತೆರಿಗೆ ಬಾಕಿಗೆ ಹೊಂದಾಣಿಕೆಯಾಗಿದ್ದರೆ ದಾರಿ ಬೇರೆ. ಆ ಬಾಕಿಯ ಬೇಡಿಕೆಗೇ ಆಕ್ಷೇಪಣೆ ಸಲ್ಲಿಸಬೇಕು. ಇಲ್ಲಿ ಚಾರ್ಟರ್ಡ್ ಅಕೌಂಟೆಂಟ್ ನೆರವು ಪಡೆಯಿರಿ.

ಎರಡೂ ಅಲ್ಲವೇ? ಇ-ನಿವಾರಣ್ ಸ್ವೀಕೃತಿ ಸಂಖ್ಯೆ, ರಿಟರ್ನ್ ಪರಿಶೀಲಿಸಿ ಇಲಾಖೆ ಕಳಿಸಿದ ಇಂಟಿಮೇಷನ್ ಪ್ರತಿಯೊಂದಿಗೆ ಕೇಂದ್ರ ಸರ್ಕಾರದ ಕುಂದುಕೊರತೆ ಪೋರ್ಟಲ್ ಆದ ಸಿಪಿಗ್ರಾಮ್ಸ್‌ನಲ್ಲಿ ದೂರು ಕೊಡಿ. ಅಲ್ಲಿನ ಉತ್ತರ ಸಮಾಧಾನ ತರದಿದ್ದರೆ 30 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ. ವಿಳಂಬ ನಿಮ್ಮಿಂದಾಗಿರದಿದ್ದರೆ ತಿಂಗಳಿಗೆ ಶೇ 0.5 ಬಡ್ಡಿಯನ್ನೂ ಕೇಳಿ. ರೀಫಂಡ್ ಮೊತ್ತ ತೆರಿಗೆಯ ಶೇ 10ಕ್ಕಿಂತ ಕಡಿಮೆಯಿದ್ದರೆ ಮಾತ್ರ ಬಡ್ಡಿ ಸಿಗದು.